ಒಬ್ಬ ಸ್ಟೇಷನ್ ಮಾಸ್ಟರ್, ಎರಡು ಸೈಜು

ನಲವತ್ತು ವರ್ಷ ಟಿವಿ ಬಿಚ್ಚಿ ಮುಚ್ಚಿದವನ ಮುಂದೆ ಇಂಥವು ನಡೆಯುತ್ತಲೇ ಇರುತ್ತವೆ. ಹೇಳಿಕೊಂಡು ತಿರುಗುವ ಅಭ್ಯಾಸ ನನಗಿಲ್ಲ. ನಾನು ವರ್ಷಕ್ಕೆ ಆಡುವ ಮಾತನ್ನು ನನ್ನ ಹೆಂಡತಿ ಒಂದು ಕಟ್ಟು ಸೊಪ್ಪು ಕೊಳ್ಳುವಾಗ ಆಡಿ ಮುಗಿಸುತ್ತಾಳೆ. ಆದರೆ ಒಂದು ಮಾತನ್ನು ಹೇಳದೆ ಇಟ್ಟುಕೊಂಡರೆ ಏನಾಗುತ್ತದೆ ಎಂಬುದು ಈಚೆಗೆ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

೧. ರೈಲಿಲ್ಲದ ಊರು

ಕೊಳ್ಳೇಗಾಲಕ್ಕೆ ರೈಲಿಲ್ಲ. ಹನೂರಿಗಿಲ್ಲ, ಯಳಂದೂರಿಗೂ ಇಲ್ಲ. ಇಂಥ ಸೀಮೆಯ ಜನ ಇಂಗ್ಲೆಂಡಿನ ಒಂದು ರೈಲ್ವೆ ಸ್ಟೇಷನ್ನಿನ ಹಾಸ್ಯ ಧಾರಾವಾಹಿಗೆ ಮರುಳಾದದ್ದು ಹೇಗೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಗ ಇದ್ದದ್ದು ಒಂದೇ ಚಾನೆಲ್. ವಾರಕ್ಕೊಂದು ಸಂಜೆ ಅರ್ಧ ಗಂಟೆ ಅದು ಬರುತ್ತಿತ್ತು. ಕಥೆ ಇಷ್ಟೆ. ಒಂದು ಸಣ್ಣ ಸ್ಟೇಷನ್. ಅಲ್ಲಿ ಯಾವ ರೈಲೂ ನಿಲ್ಲುವುದಿಲ್ಲ. ಆದರೂ ಸ್ಟೇಷನ್ ಮಾಸ್ಟರ್ ಬೆಳಗಾದರೆ ಟೋಪಿ ಹಾಕಿಕೊಂಡು, ಪ್ಲಾಟ್‌ಫಾರಂ ಗುಡಿಸಿ, ಬಾವುಟ ಹಿಡಿದು ನಿಲ್ಲುತ್ತಾನೆ. ರೈಲು ದಡದಡ ಹೊರಟುಹೋಗುತ್ತದೆ. ಅದರ ಗಾಳಿಗೆ ಟೋಪಿ ಹಾರುತ್ತದೆ. ಅವನು ಗಡಿಯಾರ ನೋಡಿ, ‘ಸರಿಯಾದ ಸಮಯಕ್ಕೆ’ ಎಂದು ದೊಡ್ಡ ಪುಸ್ತಕದಲ್ಲಿ ಬರೆಯುತ್ತಾನೆ. ಪ್ರತಿ ವಾರ ಇದೇ. ಪ್ರತಿ ವಾರ ನಗು.

ನನ್ನ ರಿಪೇರಿ ಅಂಗಡಿ ಬಸ್ ಸ್ಟ್ಯಾಂಡ್ ಪಕ್ಕ ಇತ್ತು. ಸಂಜೆ ಬಾಗಿಲಲ್ಲಿ ಒಂದು ಟಿವಿ ಹಾಕಿಡುತ್ತಿದ್ದೆ. ಅಂಗಡಿ ಮುಂದೆ ಹೂವು ಮಾರುವ ಅಜ್ಜಿಯೊಬ್ಬಳು ಕೂರುತ್ತಿದ್ದಳು. ಇಂಗ್ಲಿಷಿನ ಒಂದು ಅಕ್ಷರ ಗೊತ್ತಿಲ್ಲ. ಧಾರಾವಾಹಿ ಬಂದರೆ ಹೂವು ಕಟ್ಟುವುದು ಬಿಟ್ಟು ನಗುತ್ತಿದ್ದಳು.

ಮೇಷ್ಟ್ರಿಗೆ ಇದನ್ನು ಸಹಿಸಲಾಗಲಿಲ್ಲ. ಅವರು ನಮ್ಮೂರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದರು. ಊರು ಮಾಂಬಳ್ಳಿ, ಮನೆ ಮಾಡಿದ್ದದ್ದು ಯಳಂದೂರಿನಲ್ಲಿ. ದಿನಾ ಬೆಳಗ್ಗೆ ಬಸ್ಸಿಳಿದು ನನ್ನ ಅಂಗಡಿಯಲ್ಲಿ ಹತ್ತು ನಿಮಿಷ ಕೂತು ಸ್ಕೂಲಿಗೆ ಹೋಗುವವರು. ಹಿಂದಿನ ಸಂಜೆ ಮನೆಯಲ್ಲಿ ನೋಡಿದ್ದನ್ನು ನಮಗೆಲ್ಲ ಬಿಡಿಸಿ ಹೇಳುವುದು ತಮ್ಮ ಕರ್ತವ್ಯ ಎಂದುಕೊಂಡಿದ್ದರು.

ಒಂದು ದಿನ ಅಜ್ಜಿಯನ್ನು ಕೇಳಿಯೇಬಿಟ್ಟರು. "ಏನಜ್ಜೀ, ನಿನ್ನೆ ಅಷ್ಟು ನಕ್ಯಂತೆ. ಇಂಗ್ಲಿಷ್ ಅರ್ಥವಾಯ್ತಾ?"

"ಅದ್ರಲ್ಲಿ ಇಂಗ್ಲಿಷ್ ಏನದೆ ಸಾ? ಗಾಡಿ ನಿಲ್ಲಿಸ್ದೆ ಓಯ್ತದೆ. ಇವ್ನು ಬರ್ಕಂಡು ಕುಂತವ್ನೆ." ಬಸ್ ಬಂದುಹೋದ ಹೊತ್ತು ಬರೆದುಕೊಳ್ಳುವ ಕಂಟ್ರೋಲರ್ ಕೂತಿದ್ದ ಕಡೆಗೆ ಕೈ ತೋರಿಸಿದಳು. "ಅಲ್ಲಿ ನೋಡಿ, ದಿನಾ ನಡೀತದೆ. ಅದೂ ಕಲರ್‌ನಲ್ಲಿ."

೨. ಮೇಷ್ಟ್ರ ಮನೆಯ ಅಗಲ ಪರದೆ

ಒಂದು ದಿನ ಮೇಷ್ಟ್ರ ಟಿವಿ ಕೆಟ್ಟಿತು. ಚಿತ್ರ ಹೋಗಿ ನಡುವೆ ಒಂದು ಬಿಳಿ ಗೆರೆ ಉಳಿಯಿತು. ಸಂಜೆಗೆ ಸ್ಟೇಷನ್ ಮಾಸ್ಟರ್ ಬರುವ ದಿನ. ಸ್ಕೂಲು ಬಿಟ್ಟ ಮೇಲೆ ಮೇಷ್ಟ್ರು ನನ್ನನ್ನೂ ತಮ್ಮ ಬಸ್ಸಿನಲ್ಲಿ ಯಳಂದೂರಿಗೆ ಎಳೆದುಕೊಂಡು ಹೋದರು.

ಬಿಚ್ಚಿ ನೋಡಿದೆ. ಚಿತ್ರವನ್ನು ಮೇಲಕ್ಕೂ ಕೆಳಕ್ಕೂ ಹರಡುವ ಭಾಗ ಸುಟ್ಟಿತ್ತು. ಅದಕ್ಕೆ ಬೇಕಾದ ಸಾಮಾನು ಬೆಂಗಳೂರಿನಿಂದ ಬರಬೇಕು. ಚೀಲದಲ್ಲಿ ಬೇರೆ ಕಂಪನಿಯ ಹಳೇ ಸೆಟ್ಟಿನಿಂದ ತೆಗೆದ ಒಂದು ಇತ್ತು. ಅದನ್ನೇ ಹಾಕಿದೆ. ಚಿತ್ರ ಬಂತು. ಆದರೆ ಪೂರ್ತಿ ಹರಡಲಿಲ್ಲ. ಮೇಲೆ ನಾಲ್ಕು ಬೆರಳು ಕಪ್ಪು, ಕೆಳಗೆ ನಾಲ್ಕು ಬೆರಳು ಕಪ್ಪು. ನಡುವೆ ಸಿಕ್ಕಿದ ಮನುಷ್ಯರೆಲ್ಲ ಕುಳ್ಳಗೆ, ದಪ್ಪಗೆ, ಕೈಯಲ್ಲಿ ತಟ್ಟಿದ ರೊಟ್ಟಿಯ ಹಾಗೆ.

ಕಾರ್ಯಕ್ರಮಕ್ಕೆ ಐದು ನಿಮಿಷ ಇತ್ತು. ಮನೆಯವರೆಲ್ಲ ಚಾಪೆ ಮೇಲೆ ಕೂತು ಕಾಯುತ್ತಿದ್ದರು. ನನ್ನ ಅಂಗಡಿ ಬೋರ್ಡಿನಲ್ಲಿ ‘ಗ್ಯಾರಂಟಿ’ ಎಂದು ಕೆಂಪಕ್ಷರದಲ್ಲಿ ಬರೆಸಿದ್ದೆ.

"ಇದೇನಪ್ಪ, ಮೇಲೂ ಕೆಳಗೂ ಕಪ್ಪು?" ಎಂದರು ಮೇಷ್ಟ್ರು.

"ಸಿನಿಮಾ ಥರ ಸಾ," ಎಂದೆ. "ಅಗಲ ಪರದೆ."

ಜೀವನದಲ್ಲಿ ನಾನು ಹೇಳಿದ ಸುಳ್ಳುಗಳು ಕಡಿಮೆ. ಮಾತೇ ಕಡಿಮೆ. ಆದರೆ ಹೇಳಿದ ಈ ಒಂದು ಚೆನ್ನಾಗಿ ಬಾಳಿತು. ತಿಂಗಳಾದ ಮೇಲೆ ಸರಿಯಾದ ಸಾಮಾನು ಬಂತು. ಹಾಕಿಕೊಡುತ್ತೇನೆ ಎಂದು ಹೋದರೆ ಮೇಷ್ಟ್ರು ಟಿವಿಗೆ ಅಡ್ಡ ನಿಂತರು. "ಬೇಡ ಕಣಪ್ಪ. ಬೀದೀಲಿ ಇನ್ಯಾರ ಮನೇಲೂ ಹೀಗೆ ಬರಲ್ಲ. ಬಂದೋರೆಲ್ಲ ಕೇಳ್ತಾರೆ."

ಒಳಗಿಂದ ಅವರ ಹೆಂಡತಿಯೂ ಬಂದರು. ಆಯಮ್ಮ ಒಂದಿಷ್ಟು ಮೈ ಇದ್ದವರು. ಅನ್ನ ಕಡಿಮೆ ಮಾಡು ಎಂದು ಮೇಷ್ಟ್ರು ವರ್ಷದಿಂದ ಹೇಳುತ್ತಿದ್ದರು.

"ಅದನ್ನ ಮುಟ್ಟಬೇಡಪ್ಪ," ಎಂದರು. "ದಿಲ್ಲೀಲಿ ವಾರ್ತೆ ಓದೋ ಹುಡುಗೀನೇ ನನಗಿಂತ ಎರಡರಷ್ಟು ಅವ್ಳೆ ಅಂತ ಇವರಿಗೆ ಈಗ ಗೊತ್ತಾಯ್ತು. ನಾನು ನೆಮ್ಮದಿಯಾಗಿ ಉಣ್ತಾ ಇವ್ನಿ."

೩. ಹನೂರಿನ ಮಿಲ್ಲು

ಇನ್ನೊಬ್ಬ ಅಭಿಮಾನಿ ಹನೂರಿನಲ್ಲಿದ್ದ. ಹುಟ್ಟಿದ್ದು ಬಂಡಳ್ಳಿ. ಹನೂರಿನಲ್ಲಿ ಹಿಟ್ಟಿನ ಮಿಲ್ಲು. ನನಗಿಂತ ನಾಲ್ಕು ವರ್ಷ ದೊಡ್ಡವನು, ನಾನು ಅಣ್ಣ ಎನ್ನುತ್ತಿದ್ದೆ. ಮಿಕ್ಕವರಿಗೆ ಯಜಮಾನ್ರು. ಮಿಲ್ಲಿನ ಬೆಲ್ಟು, ಕಲ್ಲು ಎಂದು ವಾರಕ್ಕೊಮ್ಮೆ ಕೊಳ್ಳೇಗಾಲಕ್ಕೆ ಬಂದರೆ ನನ್ನ ಅಂಗಡಿಯ ಸ್ಟೂಲು ಅವನದು.

ಮಿಲ್ಲಿನ ಗೋಡೆಗೆ ಅಂಟಿಕೊಂಡೇ ಮನೆ. ಹನೂರಿನಲ್ಲಿ ಆಗ ಕರೆಂಟು ಬರುತ್ತಿದ್ದದ್ದೇ ಸಂಜೆ. ಕರೆಂಟು ಬಂದರೆ ಮಿಲ್ಲು ಓಡಲೇಬೇಕು, ರಾಗಿ ಚೀಲ ಹೊತ್ತ ಜನ ಸಾಲು ನಿಂತಿರುತ್ತಿದ್ದರು. ಮಿಲ್ಲಿನ ಮೋಟರು ತಿರುಗಿತೆಂದರೆ ಮನೆಯ ವೋಲ್ಟೇಜು ಬೀಳುತ್ತಿತ್ತು. ವೋಲ್ಟೇಜು ಬಿದ್ದರೆ ಟಿವಿಯ ಚಿತ್ರ ಎರಡು ಪಕ್ಕದಿಂದಲೂ ಒಳಕ್ಕೆ ಸರಿಯುತ್ತಿತ್ತು. ಮನುಷ್ಯರು ಉದ್ದಕ್ಕೆ, ಸಣ್ಣಕ್ಕೆ, ಊದುಬತ್ತಿಯ ಹಾಗೆ.

ಒಮ್ಮೆ ಹೋದಾಗ ನಾನೇ ನೋಡಿದೆ. ಸ್ಟೇಷನ್ ಮಾಸ್ಟರ್ ಬಾವುಟ ಹಿಡಿದು ನಿಂತಿದ್ದ. ಬಾವುಟಕ್ಕೂ ಅವನಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

"ಸ್ಟೆಬಿಲೈಸರ್ ಹಾಕಿಸಣ್ಣ. ಇಲ್ಲಾಂದ್ರೆ ಆ ಅರ್ಧ ಗಂಟೆ ಮಿಲ್ಲು ನಿಲ್ಸು," ಎಂದೆ.

"ಮಿಲ್ ನಿಲ್ಸುದ್ರೆ ಜನ ನನ್ನೇ ಬೀಸ್ಬುಡ್ತರೆ ಕಣ್ಲಾ," ಎಂದ. "ಸಣ್ಣಕ್ಕೆ ಕಂಡ್ರೆ ಕಂಡ್ಕಳ್ಳಿ ಬುಡು. ಬಿಳೀ ಜನ. ಮುದ್ದೆ ಉಣ್ತರಾ, ಏನಾ?"

ಅವನ ತಾಯಿ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಆ ಮುದುಕಿ ಸ್ಟೇಷನ್ ಮಾಸ್ಟರನನ್ನು ನೋಡಿ ಒಮ್ಮೆಯೂ ನಕ್ಕವಳಲ್ಲ. ಪ್ರತಿ ವಾರ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾಕವ್ವ?" ಎಂದೆ.

"ಸರ್ಕಾರದ ಕೆಲ್ಸ ಅಂತೀರಿ. ಆ ಮೂಳೆ ನೋಡು ಮಗ. ಎಷ್ಟು ತಿಂಗ್ಳಿಂದ ಸಂಬ್ಳ ಕೊಟ್ಟಿಲ್ವೋ!"

೪. ಟಿಕೆಟ್ ಕಿಟಕಿ

ಎರಡು ಮನೆಯ ಟಿವಿ ವಿಚಾರವೂ ನನಗೆ ಗೊತ್ತಿತ್ತು. ಮೇಷ್ಟ್ರೂ ಯಜಮಾನನೂ ನನ್ನ ಅಂಗಡಿಯಲ್ಲಿ ಸ್ನೇಹಿತರಾದವರು. ವಾರಗಟ್ಟಲೆ ಆ ಧಾರಾವಾಹಿ ಬಗ್ಗೆ ಮಾತಾಡಿದ್ದರು. ಟೋಪಿ, ಬಾವುಟ, ಪುಸ್ತಕ ಎಲ್ಲ ಹೊಂದುತ್ತಿತ್ತು. ಮನುಷ್ಯನ ಗಾತ್ರದ ಮಾತು ಮಾತ್ರ ಬಂದಿರಲಿಲ್ಲ. ಬರದಿರಲಿ ಎಂದು ನಾನು ಸುಮ್ಮನೆ ಬೆಸುಗೆ ಹಾಕಿಕೊಂಡು ಕೂತಿರುತ್ತಿದ್ದೆ.

ಬಂತು. ಹಿಂದಿನ ಸಂಜೆ ಸ್ಟೇಷನ್ ಮಾಸ್ಟರನ ಟೋಪಿ ಹಾರಿ ಟಿಕೆಟ್ ಕೊಡುವ ಕೋಣೆಯೊಳಗೆ ಬಿದ್ದಿತ್ತು. ಬೀಗದ ಕೈ ಇಲ್ಲ. ಅವನು ಟಿಕೆಟ್ ಕಿಟಕಿಯಲ್ಲಿ ತೂರಲು ಹೋಗಿ ಸಿಕ್ಕಿಹಾಕಿಕೊಂಡ. ಅದೇ ಹೊತ್ತಿಗೆ, ಹುಟ್ಟಿದಾಗಿನಿಂದ ನಿಲ್ಲದ ರೈಲು ಆ ದಿನ ನಿಂತಿತು.

"ಅಂಥ ಹೊಟ್ಟೆ ಇಟ್ಕೊಂಡು ಕಿಟಕೀಲಿ ತೂರ್ತಾನಲ್ಲ!" ಎಂದು ಮೇಷ್ಟ್ರು ನಕ್ಕರು.

ಯಜಮಾನನೂ ನಗುತ್ತಿದ್ದ. ನಿಲ್ಲಿಸಿದ. "ಒಟ್ಟೆ ಎಲ್ಲಿತ್ತು ಸಾ? ಬೆಲ್ಟು ಕೊಕ್ಕೆಗೆ ಸಿಕ್ಕಾಕ್ಕತು."

"ಬೆಲ್ಟಿನ ಒಳಗೆ ಏನಿತ್ತು? ಡುಮ್ಮ ಅವನು."

"ಡುಮ್ಮನಾ? ಕಡ್ಡಿ ಕಣ್ರಿ! ನಮ್ಮವ್ವ ಅವನ್ನ ನೋಡಿ ಅಳ್ತಳೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಹುಡುಗರಿಗೆ ಹೊಡೆಯುವ ಮೊದಲು ಹಾಗೆ ಮಾಡುತ್ತಿದ್ದರಂತೆ. "ನೋಡಿ ಯಜಮಾನ್ರೇ, ಪಾಠ ಓದದೆ ಓದಿದ್ದೀನಿ ಅನ್ನೋರನ್ನ ನಾನು ದಿನಾ ನೋಡ್ತೀನಿ. ನೀವು ನಿನ್ನೆ ನೋಡಿಲ್ಲ. ಯಾರೋ ಹೇಳಿದ್ದು ಕೇಳ್ಕೊಂಡು ಬಂದಿದ್ದೀರಿ."

"ನಾ ನಿಮ್ ಇಸ್ಕೂಲ್ ಐಕ್ಳಲ್ಲ ಸಾ. ನನ್ ತಕ್ಕಡಿನ ಇಡೀ ಹನೂರು ನಂಬ್ತದೆ. ಸುಳ್ಳ ಅಂತ ಇವತ್ತಿನ್ ಗಂಟ ಯಾರೂ ಅಂದಿಲ್ಲ."

"ಹಾಗಾದ್ರೆ ನಾನು ಸುಳ್ಳನಾ?"

"ನಾ ಅಂದ್ನಾ? ನೀವೇ ಏಳ್ಕಂಡ್ರಿ."

ಇಬ್ಬರೂ ಎದ್ದು ನಿಂತರು. ಹೂವಿನ ಅಜ್ಜಿಯನ್ನು ಕೇಳಿದರು. "ನನ್ ಮುಂದೆ ಆಟೋದೋರು ನಿಂತಿದ್ರು. ನಂಗೆ ಕಂಡಿದ್ದು ಟೋಪಿ ಒಂದೇಯ," ಎಂದಳು.

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ನಿಜ ಹೇಳಿದರೆ ಅಗಲ ಪರದೆ ಹೊರಗೆ ಬರುತ್ತದೆ. ಬೋರ್ಡಿನ ಮೇಲೆ ‘ಗ್ಯಾರಂಟಿ’ ಇದೆ. ನೋಡಲಿಲ್ಲ ಎನ್ನುವಂತೆಯೂ ಇಲ್ಲ, ನನ್ನ ಟಿವಿ ಹಿಂದಿನ ಸಂಜೆ ಓಡಿದ್ದನ್ನು ಅಜ್ಜಿ ಈಗ ತಾನೇ ಹೇಳಿಬಿಟ್ಟಿದ್ದಳು.

"ಹೇಳಯ್ಯ," ಎಂದರು ಮೇಷ್ಟ್ರು. "ನೀನೂ ನೋಡಿದ್ಯಲ್ಲ. ಹೇಗಿದ್ದ ಅವನು?"

ನಾನು ತಲೆ ಎತ್ತಲಿಲ್ಲ. "ನಾನು ಟಿವಿ ಹಿಂದುಗಡೆ ಇದ್ದೆ ಸಾ," ಎಂದೆ.

೫. ಎರಡು ಟೀ

ಅವತ್ತು ಮಾತು ಬಿಟ್ಟವರು ಮೂವತ್ತೈದು ವರ್ಷಕ್ಕೂ ಹೆಚ್ಚು ಬಿಟ್ಟೇ ಇದ್ದರು.

ಧಾರಾವಾಹಿ ನಿಂತಿತು. ಹೂವಿನ ಅಜ್ಜಿ ಹೋದಳು. ಕಲರ್ ಟಿವಿ ಬಂತು. ಮೇಷ್ಟ್ರು ಹೊಸ ಸೆಟ್ಟು ಕೊಂಡರು. ಅದರಲ್ಲಿ ವಾರ್ತೆ ಓದುವವರೆಲ್ಲ ತೆಳ್ಳಗೆ ಕಂಡರು. ‘ಬಣ್ಣ ಬಂದ ಮೇಲೆ ಎಲ್ಲಾ ಮೈ ಇಳಿಸಿದ್ದಾರೆ’ ಎಂದರು ಮೇಷ್ಟ್ರು. ಅವರ ಹೆಂಡತಿ ಅದನ್ನು ನಂಬಿ ಒಂದು ವಾರ ಬರೀ ಚಪಾತಿ ತಿಂದರಂತೆ.

ನಿವೃತ್ತಿಯಾದ ಮೇಲೆ ಮೇಷ್ಟ್ರು ಕೊಳ್ಳೇಗಾಲದಲ್ಲೇ ಮನೆ ಕಟ್ಟಿದರು. ಯಜಮಾನನೂ ಮಿಲ್ಲು ಕೊಟ್ಟು ಕೊಳ್ಳೇಗಾಲಕ್ಕೆ ಬಂದ. ನಾನು ಅಂಗಡಿ ಮುಚ್ಚಿದೆ. ಬೆಳಗ್ಗೆ ಏಳಕ್ಕೆ ಒಂದು ಹೋಟೆಲಿನಲ್ಲಿ ಮೇಷ್ಟ್ರ ಜೊತೆ ಟೀ, ಎಂಟಕ್ಕೆ ಇನ್ನೊಂದು ಹೋಟೆಲಿನಲ್ಲಿ ಯಜಮಾನನ ಜೊತೆ ಟೀ. ಏಳಕ್ಕೆ ಬಂದ ಮೇಷ್ಟ್ರು ಎಂಟರೊಳಗೆ ಎದ್ದು ಮನೆ ಸೇರುತ್ತಿದ್ದರು, ಬೀದಿಯಲ್ಲೂ ಎದುರಾಗಬಾರದು ಎಂದು.

ಈಗ ಫೋನಿನಲ್ಲಿ ಇಂಗ್ಲೆಂಡಿನ ಹಳೇ ಹಾಸ್ಯವೆಲ್ಲ ಸಿಗುತ್ತದೆ. ಇಬ್ಬರೂ ನೋಡುತ್ತಾರೆ. ಮೇಷ್ಟ್ರಿಗೆ ಇಷ್ಟವಾದದ್ದು ಒಂದು ಛತ್ರಿ ಅಂಗಡಿಯ ಕಥೆ. ಅಂಗಡಿ ನಡೆಸುವ ಅಣ್ಣತಮ್ಮಂದಿರಿಗೆ ಮಾತಿಲ್ಲ. ಒಬ್ಬ ಇನ್ನೊಬ್ಬನಿಗೆ ಹೇಳಬೇಕಾದ್ದನ್ನು ಛತ್ರಿ ಕೊಳ್ಳಲು ಬಂದ ಗಿರಾಕಿಗೆ ಹೇಳುತ್ತಾನೆ. ಗಿರಾಕಿಗೆ ಕೊನೆಗೂ ಛತ್ರಿ ಸಿಗುವುದಿಲ್ಲ. ಯಜಮಾನನಿಗೆ ಇಷ್ಟವಾದದ್ದು ಅಟ್ಟದ ಮೇಲೆ ಇರುವ ಅತ್ತೆಯ ಕಥೆ. ಅವಳ ಮುಖ ಕಾಣುವುದೇ ಇಲ್ಲ. ಮೇಲಿಂದ ಕೋಲು ಕುಟ್ಟುತ್ತಾಳೆ, ಕೆಳಗೆ ಅಳಿಯ ಬೆವರುತ್ತಾನೆ.

ಏಳು ಗಂಟೆಗೆ ಮೇಷ್ಟ್ರು: "ಅವರಿಗೆ ಹೇಳು. ಅತ್ತೆ ಹಾಸ್ಯ ಅಗ್ಗದ್ದು. ಛತ್ರಿ ಅಂಗಡಿ ನೋಡೋಕೆ ಹೇಳು, ಮೂರನೇ ಭಾಗ."

ಎಂಟು ಗಂಟೆಗೆ ಯಜಮಾನ: "ಅವ್ರಿಗ್ ಏಳು. ನೋಡ್ದೆ. ಚಂದಾಗದೆ. ಆದ್ರೆ ಕೊನೇಲಿ ದೊಡ್ಡೋನು ಯಾಕ್ ನಕ್ಕ? ಇಂಗ್ಲಿಷ್‌ನಲ್ಲಿ ಏನೋ ಅಂದ. ಕೇಳ್ಕ ಬಾ."

ಮರುದಿನ ಏಳಕ್ಕೆ ಮೇಷ್ಟ್ರು ಅರ್ಥ ಹೇಳುತ್ತಿದ್ದರು. ಎಂಟಕ್ಕೆ ನಾನು ಒಪ್ಪಿಸುತ್ತಿದ್ದೆ. ಯಜಮಾನ ಒಂದು ದಿನ ತಡವಾಗಿ ನಗುತ್ತಿದ್ದ. ಆ ನಗು ಹೇಗಿತ್ತು ಎಂದು ಮೇಷ್ಟ್ರು ಮಾರನೇ ಬೆಳಗ್ಗೆ ಕೇಳುತ್ತಿದ್ದರು. ಮಾತು ಬಿಟ್ಟವರು ಇಷ್ಟು ಮಾತಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸ್ಟೇಷನ್ ಮಾಸ್ಟರನ ಹೆಸರನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಕಳೆದ ವರ್ಷ ನನಗೆ ಸಕ್ಕರೆ ಕಾಯಿಲೆ ಏರಿತು. ಡಾಕ್ಟರು ಕೇಳಿದರು. "ಬೆಳಗ್ಗೆ ಎರಡು ಟೀ ಯಾಕೆ? ಒಂದು ಬಿಡಿ."

"ಆಗಲ್ಲ," ಎಂದೆ.

"ಯಾಕೆ ಆಗಲ್ಲ?"

"ಇಂಗ್ಲೆಂಡಿನಲ್ಲಿ ಒಬ್ಬ ಸ್ಟೇಷನ್ ಮಾಸ್ಟರ್ ಇದ್ದ."

ಡಾಕ್ಟರು ನನ್ನ ಮುಖ ನೋಡಿದರು. ಬಿಪಿಯನ್ನು ಇನ್ನೊಮ್ಮೆ ನೋಡಿದರು.

೬. ಹೊರಗಡೆ ಯಾರು?

ಈ ವರ್ಷ ಯಜಮಾನನಿಗೆ ಎದೆನೋವು ಬಂತು. ಮೈಸೂರಿಗೆ ಕರೆದುಕೊಂಡು ಹೋಗಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದರು.

ಮರುದಿನ ಏಳಕ್ಕೆ ಹೋಟೆಲಿಗೆ ಹೋದರೆ ಮೇಷ್ಟ್ರು ಟೀ ಕುಡಿದಿರಲಿಲ್ಲ. ಕೆನೆ ಕಟ್ಟಿತ್ತು. "ಹೇಗಿದ್ದಾರಂತೆ?" ಎಂದರು. "ನೋಡಿಕೊಂಡು ಬರ್ತೀನಿ ಸಾ," ಎಂದೆ. "ಮೈಸೂರಿನಲ್ಲಿ ನನಗೂ ಒಂದು ಕೆಲಸ ಇದೆ," ಎಂದು ಎದ್ದರು. ಏನು ಕೆಲಸ ಎಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ಮೈಸೂರಿನ ತನಕ ಒಂದು ಚೀಲ ಮೂಸಂಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು.

ಆಸ್ಪತ್ರೆಗೂ ಬಂದರು. ಮೆಟ್ಟಿಲೂ ಹತ್ತಿದರು. ವಾರ್ಡಿನ ಬಾಗಿಲಲ್ಲಿ ಚೀಲವನ್ನು ನನ್ನ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂತುಬಿಟ್ಟರು. "ಅವರನ್ನ ಸುಳ್ಳ ಅಂದವನು ನಾನು, ಹ್ಯಾಗಯ್ಯ ಹೋಗ್ಲಿ?" ಎಂದರು. "ನೀನು ತಂದದ್ದು ಅಂತ ಹೇಳು."

ಯಜಮಾನ ಮಲಗಿದ್ದ. ಸ್ವಲ್ಪ ಇಳಿದಿದ್ದ. ಚೀಲ ನೋಡಿದ. ಒಂದು ಹಣ್ಣು ತೆಗೆದು ತಿರುಗಿಸಿದ.

"ನೀ ಹಣ್ ತರೋನಲ್ಲ," ಎಂದ. "ಒರಗಡೆ ಯಾರವ್ರೆ?"

"ಯಾರೂ ಇಲ್ಲಣ್ಣ."

ಯಜಮಾನ ಬಾಗಿಲ ಕಡೆಗೇ ನೋಡುತ್ತಿದ್ದ. ಕಣ್ಣು ತುಂಬಿತ್ತೋ ಏನೋ, ನಾನು ನೋಡಲು ಹೋಗಲಿಲ್ಲ. ಆಮೇಲೆ ಹೊರಗೆ ಬೆಂಚಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. "ಆ ಯಾರೂ ಇಲ್ದೋರ್ಗೆ ಏಳ್ಬುಡು. ಹಣ್ಣು ತಿಂತೀನಿ. ಆದ್ರೆ ಅವ್ನು ಕಡ್ಡಿನೇಯ!"

೭. ಅವನೇ

ವಾಪಸು ಬರುವಾಗ ಮೇಷ್ಟ್ರು ಬಸ್ಸಿನಲ್ಲಿ ಒಂದೇ ಮಾತಾಡಿದ್ದು. "ಒಬ್ಬ ಡುಮ್ಮನಿಗೋಸ್ಕರ ಒಬ್ಬ ಸ್ನೇಹಿತನನ್ನ ಕಳ್ಕೊಂಡೆ ಕಣಯ್ಯ. ಅವರಿಗೂ ವಯಸ್ಸಾಯ್ತು, ನನಗೂ ಆಯ್ತು."

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಭ್ಯಾಸವಿಲ್ಲ. ಮುಚ್ಚಿಕೊಂಡಿತು. ಮಾತಿನಲ್ಲಿ ಆಗದ್ದನ್ನು ತೋರಿಸಿ ಮಾಡೋಣ ಎಂದುಕೊಂಡೆ.

ಆ ಧಾರಾವಾಹಿ ಇಂಟರ್‌ನೆಟ್ಟಿನಲ್ಲಿ ಸುಲಭವಾಗಿ ಸಿಗಲಿಲ್ಲ. ದಪ್ಪ ಬೆರಳಲ್ಲಿ ಎರಡು ತಿಂಗಳು ಹುಡುಕಿದೆ. ಕೊನೆಗೆ ಯಾರೋ ಪುಣ್ಯಾತ್ಮ ಹಾಕಿದ್ದ. ಟಿಕೆಟ್ ಕಿಟಕಿಯ ಭಾಗವೂ ಇತ್ತು. ಭಾನುವಾರ ಸಂಜೆ ಐದಕ್ಕೆ ಬನ್ನಿ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದೆ.

ಮೇಷ್ಟ್ರು ಬಂದು ಕೂತಿದ್ದರು. ಯಜಮಾನ ಬಾಗಿಲಲ್ಲಿ ಕಂಡ. ಮೇಷ್ಟ್ರು ಎದ್ದರು. ಯಜಮಾನ ತಿರುಗಿದ. ನನ್ನ ಹೆಂಡತಿ ತಟ್ಟೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. "ಪಕೋಡ ಬಿಸಿ ಅದೆ. ತಿಂದ್ಕಂಡು ಜಗಳ ಆಡಿ," ಎಂದಳು. ಸೋಫಾದ ಆ ತುದಿಯಲ್ಲಿ ಒಬ್ಬರು, ಈ ತುದಿಯಲ್ಲಿ ಒಬ್ಬರು ಕೂತರು.

ಟಿವಿ ಹಾಕಿದೆ. ಈಗಿನ ದೊಡ್ಡ ಸಪಾಟು ಟಿವಿ. ಅದೇ ಸೀಟಿ, ಅದೇ ಸಂಗೀತ. ನನ್ನ ಅಂಗಡಿ, ಬೆಸುಗೆಯ ಹೊಗೆ, ಅಜ್ಜಿಯ ಮಲ್ಲಿಗೆ ಬುಟ್ಟಿ ಎಲ್ಲ ಒಟ್ಟಿಗೆ ಬಂದಂತಾಯಿತು. ಮೇಷ್ಟ್ರ ಕಾಲು ತಾಳ ಹಾಕುತ್ತಿತ್ತು. ಯಜಮಾನನ ಕಾಲೂ ಹಾಕುತ್ತಿತ್ತು.

ಸ್ಟೇಷನ್ ಮಾಸ್ಟರ್ ಬಂದ. ದಪ್ಪಗೂ ಇಲ್ಲ, ಸಣ್ಣಗೂ ಇಲ್ಲ. ಯಾವುದೇ ಪಂಚಾಯಿತಿ ಆಫೀಸಿನಲ್ಲಿ ಕಾಣುವಂಥ ಸಾಧಾರಣ ಮನುಷ್ಯ.

ಇಬ್ಬರ ಕಾಲೂ ನಿಂತವು.

"ಇವನ್ಯಾರು?" ಎಂದರು ಮೇಷ್ಟ್ರು.

"ಅದೇ ನಾನೂ ನೋಡ್ತಾ ಇವ್ನಿ ಸಾ," ಎಂದ ಯಜಮಾನ. "ಇವ್ನು ಅವ್ನಲ್ಲ."

"ಖಂಡಿತ ಅಲ್ಲ."

"ಬೇರೆ ಯಾರ್ನೋ ಆಕವ್ರೆ."

"ಹೊಸದಾಗಿ ತೆಗೆದಿರಬೇಕು ಯಜಮಾನ್ರೇ. ಈಗ ಎಲ್ಲಾದ್ರಲ್ಲೂ ಹೀಗೇ. ಹಳೇದನ್ನ ಹಾಳು ಮಾಡ್ತಾರೆ."

"ಈಗ ಯಾವುದ್ರಲ್ಲಿ ಅಸಲಿ ಮಾಲು ಅದೆ ಬುಡಿ ಸಾ?"

ಮೂವತ್ತೈದು ವರ್ಷದ ಮೇಲೆ ಆಡಿದ ಮೊದಲ ಮಾತು. ಇಬ್ಬರಿಗೂ ಅದು ಗೊತ್ತಾಗಲಿಲ್ಲ. ಸೋಫಾದ ನಡುವಿಗೆ ಸರಿದಿದ್ದರು.

ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು. ಹೇಳಿದ್ದು ಈಗ. "ಅವನೇ ಸಾ. ನಿಮ್ಮ ಮನೆ ಟಿವೀಲಿ ಅಗಲ ಪರದೆ ಅಂದ್ನಲ್ಲ, ಅದು ನನ್ನ ತಪ್ಪು ಸಾಮಾನು. ಅದಕ್ಕೆ ದಪ್ಪ ಕಂಡ. ಅಣ್ಣ, ನಿಮ್ಮ ಮನೇಲಿ ಮಿಲ್ಲಿನ ವೋಲ್ಟೇಜು. ಅದಕ್ಕೆ ಸಣ್ಣ ಕಂಡ. ಇಬ್ಬರೂ ನಿಜವೇ ಹೇಳಿದ್ರಿ."

ನಾನು ಇಷ್ಟುದ್ದ ಮಾತಾಡಿದ್ದನ್ನು ಕೇಳಿ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು.

ಮೇಷ್ಟ್ರು ಯಜಮಾನನನ್ನು ನೋಡಿದರು. ಯಜಮಾನ ಮೇಷ್ಟ್ರನ್ನು ನೋಡಿದ. ಇಬ್ಬರೂ ತಲೆಯಾಡಿಸಿದರು. "ನೀನು ಸುಮ್ಮನಿರಯ್ಯ," ಎಂದರು ಮೇಷ್ಟ್ರು. "ಟಿವಿ ವಿಚಾರ ನಿನಗೇನು ಗೊತ್ತು?"

ನನಗೆ ಸಿಟ್ಟು ಬಂತು. ರಿಮೋಟ್ ತೆಗೆದೆ. ಈಗಿನ ಟಿವಿಯಲ್ಲಿ ಚಿತ್ರದ ಅಳತೆ ಬದಲಾಯಿಸಲು ಒಂದು ಬಟನ್ ಇರುತ್ತದೆ. ಒತ್ತಿದೆ. ಚಿತ್ರ ಪಕ್ಕಕ್ಕೆ ಹಿಗ್ಗಿತು. ಸ್ಟೇಷನ್ ಮಾಸ್ಟರನಿಗೆ ಹೊಟ್ಟೆ ಬಂತು.

ಮೇಷ್ಟ್ರು ಎದ್ದು ನಿಂತರು. "ಅವನೇ!"

ಮತ್ತೆ ಒತ್ತಿದೆ. ಚಿತ್ರ ಕುಗ್ಗಿತು. ಸ್ಟೇಷನ್ ಮಾಸ್ಟರ್ ಊದುಬತ್ತಿಯಾದ.

"ಅಯ್ಯೋ ಶಿವ್ನೇ, ಇವ್ನೇ ಕಣ್ಲಾ!" ಎಂದ ಯಜಮಾನ. "ನಮ್ಮವ್ವ ಅಳ್ತಿದ್ದದ್ದು ಇವನ್ಗೇಯ!"

ನಾನು ರಿಮೋಟ್ ಕೆಳಗಿಟ್ಟೆ. ಪರದೆಯಲ್ಲಿ ಮೊದಲ ರೈಲು ನಿಲ್ಲದೆ ಹೋಯಿತು, ಟೋಪಿ ಹಾರಿತು.

"ಅಂದ್ರೆ ನಿನಗೆ ಅವತ್ತೇ ಗೊತ್ತಿತ್ತು," ಎಂದರು ಮೇಷ್ಟ್ರು ಮೆಲ್ಲಗೆ.

"ಗೊತ್ತಿತ್ತು."

"ಇಷ್ಟು ವರ್ಷ ಎರಡೆರಡು ಟೀ ಕುಡ್ಕಂಡು, ಬಾಯ್ ಬುಟ್ಟಿಲ್ಲ ನನ್ ಮಗ," ಎಂದ ಯಜಮಾನ.

ಎದ್ದರು. ಮೆಟ್ಟಿಲಲ್ಲಿ ಮೇಷ್ಟ್ರು ಯಜಮಾನನ ಮೊಣಕೈ ಹಿಡಿದುಕೊಂಡರು. ನನ್ನ ಕಡೆ ಇಬ್ಬರೂ ತಿರುಗಿ ನೋಡಲಿಲ್ಲ.

ಮಾರನೇ ದಿನದಿಂದ ಇಬ್ಬರೂ ಮೂರನೆಯ ಒಂದು ಹೋಟೆಲಿನಲ್ಲಿ ಒಟ್ಟಿಗೆ ಕೂತು ಟೀ ಕುಡಿಯುತ್ತಿದ್ದಾರೆಂದು ಹೆಂಡತಿ ಸುದ್ದಿ ತಂದಳು. ನಾನು ಮನೆಯಲ್ಲೇ ಕುಡಿದೆ. ಒಂದೇ ಲೋಟ, ಸಕ್ಕರೆ ಇಲ್ಲದ್ದು. ನನಗೇನೂ ಅನ್ನಿಸಲಿಲ್ಲ ಎಂದು ಬರೆಯಬೇಕೆಂದಿದ್ದೆ. ಅನ್ನಿಸಿತು. ನಾಲ್ಕು ದಿನ ಏಳಕ್ಕೊಮ್ಮೆ ಎಂಟಕ್ಕೊಮ್ಮೆ ಚಪ್ಪಲಿ ಹಾಕಿ ಬಿಚ್ಚಿದೆ. ರಕ್ತ ಪರೀಕ್ಷೆ ನೋಡಿ ಡಾಕ್ಟರು ಮಾತ್ರ ಬಹಳ ಸಂತೋಷಪಟ್ಟರು.

ಐದನೇ ದಿನ ಇಬ್ಬರೂ ಒಟ್ಟಿಗೆ ಬಂದರು. ನಾನು ನಡುಮನೆಯಲ್ಲೇ ಕೂತಿದ್ದೆ. ನನ್ನನ್ನು ದಾಟಿ ಹೆಂಡತಿಯ ಮುಂದೆ ನಿಂತರು.

"ನಿಮ್ಮ ಮನೆಯವರಿಗೆ ಹೇಳಿ ತಾಯಿ," ಎಂದರು ಮೇಷ್ಟ್ರು, "ಭಾನುವಾರ ಐದಕ್ಕೆ ಬರ್ತೀವಿ ಅಂತ."

"ಅವ್ರು ಇಲ್ಲೇ ಕುಂತವ್ರಲ್ಲ ಸಾ," ಎಂದಳು.

"ಕುಂತಿದ್ರೂ ನೀವೇ ಏಳ್ಬುಡಿ ಕಣವ್ವ," ಎಂದ ಯಜಮಾನ. "ರಿಮೋಟು ಮಾತ್ರ ಅವ್ನ್ ಕೈಗೆ ಕೊಡ್ಬ್ಯಾಡಿ."

ಛತ್ರಿ ಕೊಳ್ಳಲು ಬಂದ ಗಿರಾಕಿಯ ಹಾಗೆ ನನ್ನ ಹೆಂಡತಿ ಇಬ್ಬರನ್ನೂ ನೋಡಿದಳು. ಮೇಷ್ಟ್ರೇ ಮೊದಲು ನಕ್ಕರು.

ಈಗ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ. ಒಪ್ಪಂದ ಆಗಿದೆ. ಮೊದಲ ಭಾಗದಲ್ಲಿ ಸ್ಟೇಷನ್ ಮಾಸ್ಟರ್ ದಪ್ಪ, ಅದು ಮೇಷ್ಟ್ರದು. ಎರಡನೇ ಭಾಗದಲ್ಲಿ ಸಣ್ಣ, ಅದು ಯಜಮಾನನದು. ಬಟನ್ ಒತ್ತುವವಳು ನನ್ನ ಹೆಂಡತಿ. ಒಂದು ಸಲ, ಮೂರನೆಯದನ್ನು ಸರಿಯಾದ ಅಳತೆಯಲ್ಲಿ ನೋಡೋಣವೇ ಎಂದು ಕೇಳಿದೆ. ಮೂವರೂ ನನ್ನ ಕಡೆ ತಿರುಗಿದರು.

"ಆ ಡೂಪ್ಲಿಕೇಟ್ ಯಾರಿಗ್ ಬೇಕ್ಲಾ?" ಎಂದ ಯಜಮಾನ.

ನಲವತ್ತು ವರ್ಷ ಮೂರು ತಾಲ್ಲೂಕಿನ ಟಿವಿ ಸರಿ ಮಾಡಿದೆ. ನನ್ನ ಮನೆಯ ಟಿವಿಯಲ್ಲಿ ಮಾತ್ರ ಒಬ್ಬ ಮನುಷ್ಯನನ್ನು ಸರಿಯಾಗಿ ಬರುವುದಕ್ಕೆ ಈ ಮೂವರು ಬಿಡುವುದಿಲ್ಲ.